ಮಳೆಗೆ ಕಾಯುವ ಜೀವ: ಸೊನೋರ ಮರುಭೂಮಿಯ ವಿಷದ ನೆಲಗಪ್ಪೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದ ದಕ್ಷಿಣಾರ್ಧ, ಕ್ಯಾಲಿಫೋರ್ನಿಯಾದ ಆಗ್ನೇಯ ಅಂಚು ಮತ್ತು ಮೆಕ್ಸಿಕೊದ ಸೊನೋರ ರಾಜ್ಯವನ್ನು ಒಳಗೊಂಡು ಸುಮಾರು 2,60,000 ಚದರ ಕಿಲೋಮೀಟರ್ ಹರಡಿರುವ ಒಣನೆಲಕ್ಕೆ ಸೊನೋರ ಮರುಭೂಮಿ ಎಂದು ಹೆಸರು. ಮರುಭೂಮಿ ಎಂದೊಡನೆ ಮನಸ್ಸಿಗೆ ಬರುವ ಮರಳುದಿಬ್ಬಗಳು ಇಲ್ಲಿ ಕಡಿಮೆ. ಆಳೆತ್ತರವನ್ನು ಎಷ್ಟೋ ಮೀರಿ ಬೆಳೆಯುವ ಸಗ್ವಾರೊ ಕಳ್ಳಿ, ಮುಳ್ಳಿನ ಮೆಸ್ಕೀಟ್ ಮರ, ಎಲೆ ಉದುರಿಸಿ ಹಸಿರು ತೊಗಟೆಯಿಂದಲೇ ಬದುಕುವ ಪಾಲೊ ವರ್ಡೆ ಇವೆಲ್ಲ ಸೇರಿ ಈ ನೆಲಕ್ಕೆ ಒಂದು ವಿರಳ ಕಾಡಿನ ಚಹರೆ ಬಂದಿದೆ. ಇಷ್ಟು ಸಸ್ಯಸಂಪತ್ತಿಗೆ ಕಾರಣ, ಈ ಮರುಭೂಮಿಗೆ ವರ್ಷದಲ್ಲಿ ಎರಡು ಮಳೆಗಾಲಗಳಿರುವುದು. ಚಳಿಗಾಲದಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ಬಂದು ಜಿನುಗುವ ಮಳೆ ಒಂದು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ದಿಕ್ಕು ಬದಲಾಗಿ, ಕ್ಯಾಲಿಫೋರ್ನಿಯಾ ಕೊಲ್ಲಿ ಮತ್ತು ಮೆಕ್ಸಿಕೊ ಕೊಲ್ಲಿಯ ತೇವವನ್ನು ಹೊತ್ತು ತಂದು ಗುಡುಗು ಸಿಡಿಲಿನೊಡನೆ ಸುರಿಸುವ ಮಳೆ ಇನ್ನೊಂದು. ಈ ಎರಡನೆಯದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಟೂಸಾನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 30 ಸೆಂಟಿಮೀಟರ್‌ಗೂ ಕಡಿಮೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಮುಂಗಾರಿನ ಕೆಲವೇ ವಾರಗಳಲ್ಲಿ ಸುರಿದುಹೋಗುತ್ತದೆ.

ಇಂಥ ನೆಲದಲ್ಲಿ, ನೀರಿಲ್ಲದೆ ಮೊಟ್ಟೆಯಿಡಲಾರದ, ತೇವವನ್ನು ಭದ್ರವಾಗಿ ಹಿಡಿದಿಡಲಾರದ ಚರ್ಮವುಳ್ಳ ಒಂದು ದೊಡ್ಡ ಉಭಯಚರ ಪ್ರಾಣಿ ಸಾವಿರಾರು ವರ್ಷಗಳಿಂದ ಬದುಕಿ ಬಂದಿದೆ. ವಿಜ್ಞಾನಿಗಳು ಅದನ್ನು ಇನ್ಸಿಲಿಯಸ್ ಅಲ್ವೇರಿಯಸ್ ಎಂದೂ, ಅರಿಜೋನಾದ ಜನ ಸೊನೋರ ಮರುಭೂಮಿಯ ನೆಲಗಪ್ಪೆ ಅಥವಾ ಕೊಲರಾಡೊ ನದಿಯ ನೆಲಗಪ್ಪೆ ಎಂದೂ ಕರೆಯುತ್ತಾರೆ. ಕಳೆದ ನಾಲ್ಕು ದಶಕಗಳಲ್ಲಿ ಈ ಪ್ರಾಣಿಯ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಅದರ ವಿಷವನ್ನು ಕುರಿತದ್ದು, ಅದರಲ್ಲಿಯೂ ಆ ವಿಷದಲ್ಲಿರುವ ಒಂದೇ ಒಂದು ರಾಸಾಯನಿಕವನ್ನು ಕುರಿತದ್ದು. ಒಂದು ಜೀವಿಯ ಚರಿತ್ರೆಯನ್ನು ಅದರ ಚರ್ಮದಿಂದ ಹಿಂಡಿ ತೆಗೆಯಬಹುದಾದ ವಸ್ತುವಿನಿಂದ ಬರೆಯತೊಡಗಿದಾಗ ಆ ಜೀವಿಯೇ ಕಣ್ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಈ ನೆಲಗಪ್ಪೆಯ ಬದುಕನ್ನು ರೂಪಿಸಿರುವುದು ಮೊದಲು ನೀರು, ಆಮೇಲೆ ವಿಷ. ಆದ್ದರಿಂದ ಈ ಉಪನ್ಯಾಸದಲ್ಲಿಯೂ ವಿಷಯವನ್ನು ಅದೇ ಕ್ರಮದಲ್ಲಿ ನಿರೂಪಿಸಲಾಗಿದೆ.

ಪಾಶ್ಚಾತ್ಯ ವಿಜ್ಞಾನಕ್ಕೆ ಈ ಪ್ರಾಣಿ ಪರಿಚಯವಾದದ್ದು ಒಂದು ಗಡಿರೇಖೆಯ ನೆಪದಲ್ಲಿ. 1848ರ ಒಪ್ಪಂದದಿಂದಲೂ 1853ರ ಭೂಖರೀದಿಯಿಂದಲೂ ಮೆಕ್ಸಿಕೊದ ವಿಶಾಲ ಭೂಭಾಗ ಅಮೆರಿಕದ ಕೈಸೇರಿದ ಮೇಲೆ, ಹೊಸ ಗಡಿಯನ್ನು ಅಳೆದು ಗುರುತಿಸಲು ಸೇನಾ ಎಂಜಿನಿಯರ್ ವಿಲಿಯಂ ಎಮೊರಿಯ ನೇತೃತ್ವದಲ್ಲಿ ಮೋಜಣಿ ನಡೆಯಿತು. ಸರಪಳಿ ಹಿಡಿದು ಹೋದವರ ಜತೆಯಲ್ಲಿ ಗಿಡ, ಹಾವು, ಹಲ್ಲಿ, ಕಪ್ಪೆಗಳನ್ನು ಸಂಗ್ರಹಿಸುವವರೂ ಹೋಗಿದ್ದರು. ಆ ಸಂಗ್ರಹಗಳು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಬಂದು ಸೇರಿದವು. ಹೀಲಾ ಮತ್ತು ಕೊಲರಾಡೊ ನದಿಗಳ ಕಣಿವೆಯಿಂದ ಬಂದ ದೊಡ್ಡ ನೆಲಗಪ್ಪೆಯನ್ನು ಪರಿಶೀಲಿಸಿದ, ಫ್ರಾನ್ಸಿನಲ್ಲಿ ಹುಟ್ಟಿದ ಪ್ರಾಣಿಶಾಸ್ತ್ರಜ್ಞ ಷಾರ್ಲ್ ಜಿರಾರ್, 1859ರಲ್ಲಿ ಪ್ರಕಟವಾದ ಗಡಿ ಮೋಜಣಿಯ ವರದಿಯ ಸಂಪುಟದಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ ಬ್ಯುಫೊ ಅಲ್ವೇರಿಯಸ್ ಎಂದು ಹೆಸರಿಟ್ಟ. ಜಗತ್ತಿನ ನೆಲಗಪ್ಪೆಗಳಲ್ಲಿ ಹೆಚ್ಚಿನವನ್ನು ಬ್ಯುಫೊ ಎಂಬ ಒಂದೇ ಕುಲದಲ್ಲಿ ತುಂಬುತ್ತಿದ್ದ ಪದ್ಧತಿ 2006ರವರೆಗೂ ನಡೆದುಬಂತು. ಆ ವರ್ಷ ಪ್ರಕಟವಾದ ಉಭಯಚರಗಳ ವಂಶವೃಕ್ಷದ ಬೃಹತ್ ಅಧ್ಯಯನದಿಂದ ಆ ಕುಲ ಹಲವು ಕುಲಗಳಾಗಿ ಒಡೆದು, ಕ್ರಮೇಣ ಮಧ್ಯ ಅಮೆರಿಕದ ನೆಲಗಪ್ಪೆಗಳ ಗುಂಪಿಗೆ ಇನ್ಸಿಲಿಯಸ್ ಎಂಬ ಹೆಸರು ನಿಂತಿತು. ಅದೇ ಮರುವಿಂಗಡಣೆಯ ಫಲವಾಗಿ ಕರ್ನಾಟಕದ ಮನೆಯಂಗಳಗಳಲ್ಲಿ ದೀಪದ ಕೆಳಗೆ ಹುಳು ಹಿಡಿಯಲು ಕೂರುವ ಸಾಮಾನ್ಯ ನೆಲಗಪ್ಪೆಗೂ ಡಟ್ಟಾಫ್ರೈನಸ್ ಎಂಬ ಬೇರೆ ಕುಲನಾಮ ದೊರೆಯಿತು. ಎರಡೂ ಬ್ಯುಫೊನಿಡೇ ಎಂಬ ಒಂದೇ ಕುಟುಂಬದವು. ಇವುಗಳ ಬಾಯಲ್ಲಿ ಹಲ್ಲಿಲ್ಲ, ಕಣ್ಣಿನ ಹಿಂದೆ ವಿಷದ ಗ್ರಂಥಿಗಳಿವೆ.

ಸೊನೋರದ ನೆಲಗಪ್ಪೆ ಗಾತ್ರದಲ್ಲಿ ಸಣ್ಣದಲ್ಲ. ಚೆನ್ನಾಗಿ ಬೆಳೆದ ಹೆಣ್ಣು ಮೂತಿಯಿಂದ ಹಿಂಬದಿಯವರೆಗೆ 18 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಥಳೀಯ ನೆಲಗಪ್ಪೆಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಇದು ಸೇರುತ್ತದೆ. ನೆಲಗಪ್ಪೆ ಎಂದರೆ ಮೈತುಂಬ ಗಂಟುಗಂಟಾದ ಒರಟು ಚರ್ಮ ಎಂಬ ರೂಢಿಯ ಕಲ್ಪನೆಗೆ ಇದು ಹೊರತು: ಇದರ ಚರ್ಮ ನುಣುಪು, ಆಲಿವ್ ಹಸಿರಿನಿಂದ ಕಂದು ಬಣ್ಣದವರೆಗೆ ಇರುವ, ತೇವ ಬಿದ್ದಾಗ ಹದಮಾಡಿದ ತೊಗಲಿನಂತೆ ಮಿನುಗುವ ಚರ್ಮ. ಬಾಯಿಯ ಎರಡು ಮೂಲೆಗಳ ಹತ್ತಿರ ಒಂದೋ ಎರಡೋ ಬಿಳಿಯ ಗುಳ್ಳೆಗಳಿರುತ್ತವೆ. ಗುರುತು ಹಿಡಿಯುವವರು ಮೊದಲು ನೋಡುವುದು ಅವನ್ನೇ. ಎಳೆಯ ಮರಿಗಳ ಮೈಮೇಲೆ ಕಪ್ಪು ಅಂಚಿನ ಕೆಂಪು ಅಥವಾ ಕಿತ್ತಳೆ ಬಣ್ಣದ ಚುಕ್ಕೆಗಳಿದ್ದು, ಬೆಳೆದಂತೆ ಮಾಸಿಹೋಗುತ್ತವೆ. ಕಣ್ಣಿನ ಮೇಲ್ಭಾಗದಲ್ಲಿ ಬಾಗಿದ ಮೂಳೆಯ ಏಣು. ಅದರ ಹಿಂದೆ ಮೂತ್ರಪಿಂಡದ ಆಕಾರದ, ದಪ್ಪನೆಯ ಪ್ಯಾರೊಟಾಯ್ಡ್ ಗ್ರಂಥಿಗಳು. ಹಿಂಗಾಲುಗಳ ತೊಡೆ ಮತ್ತು ಕಣಕಾಲಿನ ಮೇಲೆ ಅಂಥವೇ ಉದ್ದನೆಯ ಗ್ರಂಥಿಗಳು. ಕಾಲಿನ ಮೇಲೂ ಇಷ್ಟು ದೊಡ್ಡ ಗ್ರಂಥಿಗಳಿರುವುದು ನೆಲಗಪ್ಪೆಗಳಲ್ಲಿ ಅಪರೂಪ.

ವರ್ಷದ ಬಹುಭಾಗವನ್ನು ಈ ಪ್ರಾಣಿ ನೆಲದೊಳಗೆ ಕಳೆಯುತ್ತದೆ. ಸೆಪ್ಟೆಂಬರ್ ಮುಗಿದು ಮಳೆ ಹಿಂದೆಗೆದ ಮೇಲೆ ಇಲಿ ಹೆಗ್ಗಣಗಳು ತೋಡಿಬಿಟ್ಟ ಬಿಲಗಳಿಗೋ ಬಂಡೆಯಡಿಯ ಸಂದುಗಳಿಗೋ ಇಳಿದದ್ದು, ಮುಂದಿನ ಬೇಸಿಗೆ ಬಲಿಯುವವರೆಗೆ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಹಗಲಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿಯೂ ಬಿಲದ ತಳದಲ್ಲಿ ತಂಪೂ ತೇವವೂ ಉಳಿದಿರುತ್ತವೆ. ನೆಲಗಪ್ಪೆಗಳು ಬಾಯಿಯಿಂದ ನೀರು ಕುಡಿಯುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಹೊಟ್ಟೆಯ ಕೆಳಭಾಗದಲ್ಲಿ, ಹಿಂಗಾಲುಗಳ ಸಂದಿನಲ್ಲಿ, ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ತೆಳು ಚರ್ಮದ ಒಂದು ಭಾಗವಿದೆ. ಒದ್ದೆ ಮಣ್ಣಿನ ಮೇಲೋ ನೀರಿನ ಹನಿಯ ಮೇಲೋ ಅದನ್ನು ಒತ್ತಿ ಕುಳಿತರೆ ನೀರು ಚರ್ಮದ ಮೂಲಕವೇ ಒಳಸೇರುತ್ತದೆ. ಒಳಬಂದ ನೀರಿನ ಒಂದು ಪಾಲು ಮೂತ್ರಕೋಶದಲ್ಲಿ ಸಂಗ್ರಹವಾಗಿ, ಒಣದಿನಗಳಲ್ಲಿ ಮತ್ತೆ ರಕ್ತಕ್ಕೆ ಮರಳುತ್ತದೆ. ಬೇರೆ ಪ್ರಾಣಿಗಳಲ್ಲಿ ಹೊರಹಾಕಲು ಕಾದಿರುವ ದ್ರವವೇ ಇಲ್ಲಿ ಬರಗಾಲದ ಉಗ್ರಾಣ. ಟೂಸಾನ್, ಫೀನಿಕ್ಸ್ ನಗರಗಳ ಅಂಚಿನ ಮನೆಗಳಲ್ಲಿ ಬೇಸಿಗೆಯ ರಾತ್ರಿ ಹಿತ್ತಲಲ್ಲಿ ನಾಯಿಗೆಂದು ಇಟ್ಟ ನೀರಿನ ಬಟ್ಟಲೊಳಗೆ ಈ ದೊಡ್ಡ ಕಪ್ಪೆ ಮೈ ಹರಡಿ ಕುಳಿತಿರುವುದು ಸಾಮಾನ್ಯ ದೃಶ್ಯ. ಅದು ಅಲ್ಲಿ ಆಟವಾಡುತ್ತಿಲ್ಲ, ಹೊಟ್ಟೆಯಿಂದ ನೀರು ಕುಡಿಯುತ್ತಿದೆ.

ಅದೇ ಮರುಭೂಮಿಯಲ್ಲಿ ಬದುಕುವ ಗುದ್ದಲಿಪಾದದ ಕಪ್ಪೆಗಳು, ಅಂದರೆ ಹಿಮ್ಮಡಿಯ ಗಟ್ಟಿ ಅಂಚಿನಿಂದ ಮಣ್ಣು ತೋಡಿ ಹೂತುಕೊಳ್ಳುವ ಬೇರೊಂದು ಕುಟುಂಬದ ಕಪ್ಪೆಗಳು, ಗುಡುಗು ಮಳೆಯ ಸದ್ದಿನ ಕಂಪನ ನೆಲವನ್ನು ತಟ್ಟಿದ ಮೇಲೆಯೇ ಏಳುತ್ತವೆ. ಸೊನೋರದ ನೆಲಗಪ್ಪೆ ಹಾಗಲ್ಲ. ಮೇ ತಿಂಗಳ ಕೊನೆಗೇ, ಮೋಡದ ಸುಳಿವೂ ಇಲ್ಲದ ಒಣ ರಾತ್ರಿಗಳಲ್ಲಿ, ಅದು ಬಿಲದಿಂದ ಹೊರಬರುತ್ತದೆ. ಚಿಲುಮೆ, ಕಾಲುವೆ, ದನಗಳಿಗೆ ನೀರು ಕುಡಿಸಲು ಕಟ್ಟಿದ ಹೊಂಡ, ಇಂಥ ನಿಂತ ನೀರಿನ ಆಸರೆಗಳ ಸುತ್ತ ಬೇಟೆಯಾಡಿ ಮೈಗೂಡಿಸಿಕೊಳ್ಳುತ್ತದೆ. ನೀರಿನಿಂದ ದೂರ ಹೋಗಿಯೂ ಬದುಕಬಲ್ಲದು, ನೀರಿದ್ದಲ್ಲಿ ನೆಲೆಯೂರಲೂ ಬಲ್ಲದು ಎಂಬ ಈ ಎರಡು ಬಗೆಯ ಹೊಂದಿಕೆಯಿಂದಲೇ ಬಹುಶಃ ಇಷ್ಟು ದೊಡ್ಡ ದೇಹವನ್ನು ಈ ಒಣನೆಲದಲ್ಲಿ ಪೋಷಿಸಲು ಅದಕ್ಕೆ ಸಾಧ್ಯವಾಗಿದೆ. ಅದರ ಆಹಾರದಲ್ಲಿ ಜೀರುಂಡೆ, ಮಿಡತೆ, ಜೇಡ, ಶತಪದಿ, ಚೇಳುಗಳಿಂದ ಹಿಡಿದು ಹಲ್ಲಿ, ಚಿಕ್ಕ ಇಲಿ, ತನಗಿಂತ ಸಣ್ಣ ಕಪ್ಪೆಗಳವರೆಗೆ ಎಲ್ಲವೂ ಸೇರಿವೆ. ಅಂಟುನಾಲಗೆ ಹೊರಚಿಮ್ಮಿ ಬೇಟೆಯನ್ನು ಒಳಗೆಳೆದ ಮೇಲೆ ಕಣ್ಣುಗುಡ್ಡೆಗಳು ಕೆಳಗಿಳಿದು ಬಾಯಿಯ ಮೇಲಂಗಳವನ್ನು ಒತ್ತುತ್ತವೆ. ಹಲ್ಲಿಲ್ಲದ ಈ ಪ್ರಾಣಿ ಕಣ್ಣಿನ ಒತ್ತಡದಿಂದಲೂ ತುತ್ತನ್ನು ಗಂಟಲಿಗಿಳಿಸುತ್ತದೆ.

ಜುಲೈನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಎರಡು ಮೂರು ದಿನಗಳೊಳಗೆ ಸಂತಾನೋತ್ಪತ್ತಿ ನಡೆಯುತ್ತದೆ. ನಿನ್ನೆಯವರೆಗೆ ಬಿರಿದ ಮಣ್ಣಾಗಿದ್ದ ಹಳ್ಳದ ತಗ್ಗಿನಲ್ಲಿ ಕೆಂಪು ನೀರು ನಿಂತಿರುತ್ತದೆ. ಗಂಡುಗಳು ಆಳವಿಲ್ಲದ ಅಂಚಿನಲ್ಲಿ ಕುಳಿತು ಕೂಗುತ್ತವೆ. ಇಷ್ಟು ದೊಡ್ಡ ದೇಹದಿಂದ ಹೊರಡುವ ಆ ಕೂಗು ಮಾತ್ರ ತೀರ ದುರ್ಬಲ, ಒಂದು ಸೆಕೆಂಡಿಗಿಂತ ಕಡಿಮೆ ಕಾಲದ ಮಂದ್ರವಾದ ಸಿಳ್ಳು. ಪಕ್ಕದಲ್ಲೇ ಗಂಟಲು ಹರಿಯುವಂತೆ ಅರಚುವ ಗುದ್ದಲಿಪಾದದ ಕಪ್ಪೆಗಳ ಗದ್ದಲದಲ್ಲಿ ಅದು ಕೇಳಿಸುವುದೇ ಕಷ್ಟ. ಅನೇಕ ಗಂಡುಗಳು ಕೂಗುವ ಗೋಜಿಗೂ ಹೋಗದೆ ನೀರಿನಂಚಿನಲ್ಲಿ ಓಡಾಡಿ ಹೆಣ್ಣನ್ನು ಹುಡುಕುತ್ತವೆ. ಗಂಡು ಹೆಣ್ಣಿನ ಬೆನ್ನೇರಿ ಮುಂಗಾಲುಗಳಿಂದ ಬಿಗಿಹಿಡಿದಾಗ ಹೆಣ್ಣು ಮೊಟ್ಟೆಗಳನ್ನು ಲೋಳೆಯ ಉದ್ದನೆಯ ದಾರಗಳಾಗಿ ಬಿಡುತ್ತದೆ; ಒಂದು ಹೆಣ್ಣು ಹೀಗೆ 7,500ರಿಂದ 8,000ದಷ್ಟು ಮೊಟ್ಟೆ ಇಡಬಲ್ಲದು. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಗೊದಮೊಟ್ಟೆಗಳು ಹೊರಬಂದು, ಸುಮಾರು ಒಂದು ತಿಂಗಳಲ್ಲಿ ಬಾಲ ಕರಗಿ ಕಾಲು ಮೂಡಿ ಮರಿಗಪ್ಪೆಗಳಾಗುತ್ತವೆ. ಗುದ್ದಲಿಪಾದದ ಕಪ್ಪೆಗಳ ಒಂದು ಪ್ರಭೇದ ಇದೇ ಕೆಲಸವನ್ನು ಎಂಟೊಂಬತ್ತು ದಿನಗಳಲ್ಲಿ ಮುಗಿಸಬಲ್ಲದು. ಒಂದು ತಿಂಗಳು ನೀರು ನಿಲ್ಲದ ಹೊಂಡದಲ್ಲಿ ಸೊನೋರದ ನೆಲಗಪ್ಪೆಯ ಇಡೀ ಸಂತತಿ ಒಣಗಿ ಸಾಯುತ್ತದೆ. ಮಳೆ ಕೈಕೊಟ್ಟ ವರ್ಷಗಳ ಈ ನಷ್ಟವನ್ನು ಅದು ದೀರ್ಘಾಯುಷ್ಯದಿಂದ ತುಂಬಿಕೊಳ್ಳುತ್ತದೆ: ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕುವ ವಯಸ್ಕ ಕಪ್ಪೆಗೆ ಹಲವು ಮುಂಗಾರುಗಳು ಸಿಗುತ್ತವೆ, ಅವುಗಳಲ್ಲಿ ಒಂದೆರಡು ಕೈಹಿಡಿದರೂ ವಂಶ ಮುಂದುವರಿಯುತ್ತದೆ. ವಯಸ್ಕ ಕಪ್ಪೆಯ ಜೀವ ಇಷ್ಟು ಬೆಲೆಯುಳ್ಳದ್ದಾದ್ದರಿಂದಲೇ ಅದನ್ನು ಕಾಯುವ ವಿಷಕ್ಕೆ ಇಷ್ಟು ಮಹತ್ವ ಬಂದಿದೆ ಎಂದು ಭಾವಿಸಲು ಅವಕಾಶವಿದೆ.

ಪ್ಯಾರೊಟಾಯ್ಡ್ ಗ್ರಂಥಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಜೇನುಹುಟ್ಟಿನ ಕೋಣೆಗಳಂತೆ ಒತ್ತಾಗಿ ಜೋಡಿಸಿದ ಚೀಲಗಳು ಕಾಣುತ್ತವೆ. ಪ್ರತಿಯೊಂದು ಚೀಲದಲ್ಲಿಯೂ ದಪ್ಪನೆಯ ಬಿಳಿಯ ಅಂಟು ದ್ರವ ತುಂಬಿದ್ದು, ಅದರಿಂದ ಚರ್ಮದ ಮೇಲ್ಮೈಗೆ ಬರುವ ಕಿರಿದಾದ ನಾಳದ ಬಾಯನ್ನು ಜೀವಕೋಶಗಳ ಒಂದು ಬಿರಡೆ ಮುಚ್ಚಿರುತ್ತದೆ. ಹಾವಿನಂತೆ ಹಲ್ಲಿನಿಂದ ಚುಚ್ಚಿ ವಿಷವೇರಿಸುವ ಸಾಧನ ನೆಲಗಪ್ಪೆಗಿಲ್ಲ. ಹೊರಗಿನಿಂದ ಹಲ್ಲುಗಳು ಗ್ರಂಥಿಯನ್ನು ಒತ್ತಿದಾಗ ಬಿರಡೆಗಳು ಸಿಡಿದು ದ್ರವ ಆ ಬಾಯಿಯೊಳಕ್ಕೇ ಚಿಮ್ಮುತ್ತದೆ. ಅಂದರೆ ಕಚ್ಚಿದವನ ದವಡೆಯ ಬಲವೇ ಅವನಿಗೆ ವಿಷವುಣಿಸುತ್ತದೆ. ಶತ್ರು ಎದುರಾದಾಗ ಈ ಕಪ್ಪೆ ಓಡಿಹೋಗುವುದಕ್ಕಿಂತ ಹೆಚ್ಚಾಗಿ ತಲೆ ತಗ್ಗಿಸಿ, ಮೈ ಉಬ್ಬಿಸಿ, ಗ್ರಂಥಿಗಳಿರುವ ಭಾಗವನ್ನೇ ಶತ್ರುವಿನ ಕಡೆಗೆ ಒಡ್ಡಿ ನಿಲ್ಲುತ್ತದೆ. ಈ ಭಂಗಿಯನ್ನೂ ವಿಷದ ಪರಿಣಾಮವನ್ನೂ ವಿವರಿಸುವ ಪ್ರಬಂಧವೊಂದು 1956ರಷ್ಟು ಹಿಂದೆಯೇ ಪ್ರಕಟವಾಗಿದೆ.

ಆ ದ್ರವದಲ್ಲಿರುವ ಮಾರಕ ವಸ್ತುಗಳಿಗೆ ಬ್ಯುಫಾಡೈಯೆನೊಲೈಡ್ ಎಂದು ಹೆಸರು. ದೇಹದ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಸೋಡಿಯಮ್ಮನ್ನು ಹೊರದೂಡಿ ಪೊಟ್ಯಾಸಿಯಮ್ಮನ್ನು ಒಳಗೆಳೆಯುವ ಒಂದು ಪ್ರೋಟೀನ್ ಪಂಪು ದುಡಿಯುತ್ತಿರುತ್ತದೆ. ಹೃದಯದ ಮಿಡಿತ, ನರಗಳ ಸಂಜ್ಞೆ ಎರಡೂ ಈ ಪಂಪು ಕಾಯ್ದಿಡುವ ಲವಣಗಳ ಏರುಪೇರನ್ನು ನಂಬಿವೆ. ಬ್ಯುಫಾಡೈಯೆನೊಲೈಡ್ ಈ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ತುಂಬಿ, ಅದರ ಹಿಂದೆಯೇ ಕ್ಯಾಲ್ಸಿಯಂ ಏರಿ, ಮಿಡಿತ ತಾಳ ತಪ್ಪಿ ಕೊನೆಗೆ ನಿಲ್ಲುತ್ತದೆ. ಬೇಲಿಯ ಕಣಗಿಲೆಯ ವಿಷವೂ, ಹೃದ್ರೋಗಕ್ಕೆ ವೈದ್ಯರು ಕೊಡುವ ಡಿಗಾಕ್ಸಿನ್ ಎಂಬ ಔಷಧವೂ ಇದೇ ಪಂಪಿನ ಮೇಲೆ ಇದೇ ರೀತಿ ಕೆಲಸ ಮಾಡುತ್ತವೆ. ಕರ್ನಾಟಕದ ಸಾಮಾನ್ಯ ನೆಲಗಪ್ಪೆಯ ಗ್ರಂಥಿಗಳಲ್ಲಿಯೂ ಬ್ಯುಫಾಡೈಯೆನೊಲೈಡ್‌ಗಳಿವೆ. ಅದನ್ನು ಕಚ್ಚಿದ ನಾಯಿ ಬಾಯಲ್ಲಿ ನೊರೆ ಸುರಿಸುತ್ತ ಕೂಡಲೇ ಉಗುಳುವುದು ಇದೇ ಕಾರಣದಿಂದ. ಚೀನಾದಲ್ಲಿ ಅಲ್ಲಿನ ನೆಲಗಪ್ಪೆಯ ಸ್ರಾವವನ್ನು ಒಣಗಿಸಿ ಚಾನ್ ಸು ಎಂಬ ಔಷಧವಾಗಿ ಬಳಸುವ ಪದ್ಧತಿ ಬಹು ಹಳೆಯದು. ಕಾಮೋತ್ತೇಜಕವೆಂದು ಮಾರಾಟವಾಗುತ್ತಿದ್ದ ಇಂಥದೇ ವಸ್ತುವನ್ನು ನುಂಗಿ 1993ರಿಂದ 1995ರ ನಡುವೆ ನ್ಯೂಯಾರ್ಕ್ ನಗರದಲ್ಲಿ ನಾಲ್ವರು ಸತ್ತರು. ನೆಲಗಪ್ಪೆಯ ವಿಷವನ್ನು ಹಗುರವಾಗಿ ಕಾಣುವವರು ಈ ಸಾವುಗಳನ್ನು ಮರೆಯಬಾರದು.

ಅರಿಜೋನಾದಲ್ಲಿ ಈ ವಿಷಕ್ಕೆ ಹೆಚ್ಚಾಗಿ ಬಲಿಯಾಗುವುದು ಸಾಕುನಾಯಿಗಳು. ಮುಂಗಾರಿನ ರಾತ್ರಿ ಹಿತ್ತಲಿಗೆ ಬಂದ ಕಪ್ಪೆಯನ್ನು ನಾಯಿ ಬಾಯಿಗೆ ಹಾಕಿಕೊಂಡ ಕೆಲವೇ ನಿಮಿಷಗಳಲ್ಲಿ ಜೊಲ್ಲು ಧಾರಾಕಾರವಾಗಿ ಸುರಿಯುತ್ತದೆ, ಒಸಡು ಕಡುಗೆಂಪಾಗುತ್ತದೆ, ಕಾಲು ತಡವರಿಸುತ್ತವೆ. ವಿಷ ಹೆಚ್ಚಾದರೆ ಸೆಳೆತ ಬಂದು ಪ್ರಾಣ ಹೋಗುವುದೂ ಉಂಟು. ಅಲ್ಲಿನ ಪಶುವೈದ್ಯರು ಹೇಳಿಕೊಡುವ ಪ್ರಥಮ ಚಿಕಿತ್ಸೆ ಸರಳವಾದದ್ದು: ನಾಯಿಯ ತಲೆಯನ್ನು ಕೆಳಕ್ಕೆ ಬಾಗಿಸಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿದುಹೋಗುವಂತೆ ಬಾಯಿಯ ಪಕ್ಕದಿಂದ ಪೈಪಿನ ನೀರು ಬಿಟ್ಟು ಒಸಡು, ನಾಲಗೆಗಳನ್ನು ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ಕಾಡಿನ ಪ್ರಾಣಿಗಳಲ್ಲಿ ರಕೂನ್ ಎಂಬ, ಕೈಗಳಂತೆ ಬಳಸಬಲ್ಲ ಮುಂಗಾಲುಗಳಿರುವ ಪ್ರಾಣಿ ಈ ಕಾವಲನ್ನು ದಾಟುವ ದಾರಿ ಕಂಡುಕೊಂಡಿದೆ. ಅದು ಕಪ್ಪೆಯನ್ನು ನೀರಿನಿಂದ ಎಳೆದು, ಅಂಗಾತ ಕೆಡವಿ, ಗ್ರಂಥಿಗಳಿಲ್ಲದ ಹೊಟ್ಟೆಯ ಕಡೆಯಿಂದ ಬಗೆದು ತಿನ್ನುವುದನ್ನು ಕಂಡವರು ದಾಖಲಿಸಿದ್ದಾರೆ. ಕಪ್ಪೆಗೆ ತನ್ನ ವಿಷ ತನಗೇ ತಗಲದಿರುವುದಕ್ಕೆ ಕಾರಣ ಅದರ ಸೋಡಿಯಂ ಪಂಪಿನ ರಚನೆಯಲ್ಲಿದೆ: ವಿಷದ ಅಣು ಬಂದು ಕೂರಬೇಕಾದ ಜಾಗದಲ್ಲಿ ಕೆಲವೇ ಅಮೈನೊ ಆಮ್ಲಗಳು ಬದಲಾಗಿವೆ, ಅಷ್ಟರಿಂದಲೇ ಅಣುವಿಗೆ ಹಿಡಿತ ಸಿಗುವುದಿಲ್ಲ. ನೆಲಗಪ್ಪೆಗಳನ್ನು ತಿಂದು ಬದುಕುವ ಕೆಲವು ಹಾವುಗಳಲ್ಲಿಯೂ ಅದೇ ಜಾಗದಲ್ಲಿ ಅಂಥವೇ ಬದಲಾವಣೆಗಳು ಸ್ವತಂತ್ರವಾಗಿ ಮೂಡಿಬಂದಿರುವುದು ವಿಕಾಸದ ಅಧ್ಯಯನದಲ್ಲಿ ಬಹಳ ಬೆಲೆಯುಳ್ಳ ಸಂಗತಿ.

ಇಷ್ಟೇ ಆಗಿದ್ದರೆ ಸೊನೋರದ ನೆಲಗಪ್ಪೆ ತನ್ನ ಕುಟುಂಬದ ಇತರ ನೂರಾರು ಪ್ರಭೇದಗಳ ನಡುವೆ ದೊಡ್ಡದೊಂದು ಪ್ರಭೇದವಾಗಿ ಮಾತ್ರ ಉಳಿಯುತ್ತಿತ್ತು. ಇಟಲಿಯ ಔಷಧಶಾಸ್ತ್ರಜ್ಞ ವಿಟ್ಟೋರಿಯೊ ಎರ್ಸ್ಪಾಮರ್ ಅದನ್ನು ಬೇರೆಯಾಗಿ ಎತ್ತಿ ತೋರಿಸಿದ. 1930ರ ದಶಕದಲ್ಲಿ ಕರುಳಿನ ಗೋಡೆಯ ಕೋಶಗಳಲ್ಲಿ ಸ್ನಾಯುವನ್ನು ಕುಗ್ಗಿಸುವ ಒಂದು ವಸ್ತುವನ್ನು ಕಂಡುಹಿಡಿದವನು ಅವನೇ. ಮುಂದೆ ಅದೂ, ಅಮೆರಿಕದಲ್ಲಿ ರಕ್ತದಿಂದ ಬೇರ್ಪಡಿಸಿದ ಸೆರೊಟೋನಿನ್ ಎಂಬ ವಸ್ತುವೂ ಒಂದೇ ಎಂದು ಸ್ಥಿರಪಟ್ಟಿತು. ನರಕೋಶಗಳ ನಡುವಿನ ಸಂದೇಶವಾಹಕಗಳಲ್ಲಿ ಒಂದಾದ ಈ ಸೆರೊಟೋನಿನ್ನಿನ ಬಂಧುಗಳು ಉಭಯಚರಗಳ ಚರ್ಮದಲ್ಲಿ ಹೇರಳವಾಗಿವೆ ಎಂದರಿತ ಎರ್ಸ್ಪಾಮರ್, ಹಲವು ಖಂಡಗಳ ನೂರಾರು ಪ್ರಭೇದಗಳ ಚರ್ಮಗಳನ್ನು ತರಿಸಿ ಪರೀಕ್ಷಿಸಿದ. ಅರ್ಜೆಂಟೀನಾದಲ್ಲಿ ನೆಲೆಸಿದ್ದ ಕಪ್ಪೆತಜ್ಞ ಹೊಸೆ ಮಿಗೆಲ್ ಸೆಯಿ ಈ ಕೆಲಸದಲ್ಲಿ ಅವನ ಸಹಭಾಗಿ. 1967ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ, ಸೊನೋರದ ನೆಲಗಪ್ಪೆಯ ಪ್ಯಾರೊಟಾಯ್ಡ್ ಸ್ರಾವದಲ್ಲಿ ಒಣತೂಕದ ಶೇಕಡ 15ರವರೆಗೆ 5-ಮೀಥಾಕ್ಸಿ-ಡೈಮೀಥೈಲ್‌ಟ್ರಿಪ್ಟಮೀನ್, ಸಂಕ್ಷೇಪವಾಗಿ 5-ಎಂಇಒ-ಡಿಎಂಟಿ, ಇರಬಹುದೆಂದು ತಿಳಿದುಬಂತು. ಇತರ ನೆಲಗಪ್ಪೆಗಳಲ್ಲಿ ಸೆರೊಟೋನಿನ್ನಿನಿಂದ ಬ್ಯುಫೊಟೆನಿನ್ ಎಂಬ ವಸ್ತು ತಯಾರಾಗುತ್ತದೆ. ಇಲ್ಲಿ ಇನ್ನೊಂದು ಕಿಣ್ವ ಆ ಬ್ಯುಫೊಟೆನಿನ್ನಿನ ಆಮ್ಲಜನಕದ ಮೇಲೆ ಒಂದು ಮೀಥೈಲ್ ಗುಂಪನ್ನು ಕೂರಿಸಿ ಅದನ್ನು 5-ಎಂಇಒ-ಡಿಎಂಟಿ ಆಗಿ ಪರಿವರ್ತಿಸುತ್ತದೆ. ಒಂದು ಇಂಗಾಲ, ಮೂರು ಜಲಜನಕಗಳ ಈ ಸಣ್ಣ ಗುಂಪಿನಿಂದ ಅಣು ಮೇದಸ್ಸಿನಲ್ಲಿ ಸುಲಭವಾಗಿ ಕರಗಿ, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಬಲ್ಲದ್ದಾಗುತ್ತದೆ. ಮಿದುಳಿನಲ್ಲಿ ಅದು ಸೆರೊಟೋನಿನ್ನಿಗೆಂದೇ ಇರುವ ಗ್ರಾಹಕಗಳನ್ನು ಹಿಡಿದು, ಮನುಷ್ಯರಲ್ಲಿ ಕಾಲ, ದೇಶ, ಅಹಂಗಳ ಅರಿವನ್ನೇ ಕೆಲವು ನಿಮಿಷಗಳವರೆಗೆ ಅಳಿಸಿಹಾಕುವಷ್ಟು ಪ್ರಬಲವಾದ ಭ್ರಾಂತಿಯನ್ನು ಉಂಟುಮಾಡುತ್ತದೆ.

ಎರ್ಸ್ಪಾಮರ್ ಮತ್ತು ಸೆಯಿ ಅವರ ಆಸಕ್ತಿ ಈ ಭ್ರಾಂತಿಯಲ್ಲಿರಲಿಲ್ಲ. ಚರ್ಮದ ರಸಾಯನದಿಂದ ನೆಲಗಪ್ಪೆಗಳ ರಕ್ತಸಂಬಂಧವನ್ನು ಗುರುತಿಸಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು. 1968ರಲ್ಲಿ ಅವರು ವರ್ಗೀಕರಣದ ದೃಷ್ಟಿಯಿಂದಲೇ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಆದರೆ 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಗುಪ್ತನಾಮದಿಂದ ಅಚ್ಚಾದ ಒಂದು ಕಿರುಪುಸ್ತಿಕೆ, ಈ ಪಾಂಡಿತ್ಯದ ಫಲವನ್ನು ಜನಸಾಮಾನ್ಯರ ಕೈಗೆ ಬೇರೊಂದು ಉದ್ದೇಶಕ್ಕಾಗಿ ಒಪ್ಪಿಸಿತು. ಒಣಗಿಸಿದ ಸ್ರಾವದ ಹೊಗೆ ಸೇದುವ ಅಭ್ಯಾಸ ಅಲ್ಲಿಂದ ಹಬ್ಬಿತು. ಅದರ ಬೆನ್ನಿಗೇ, ಕಪ್ಪೆಯನ್ನು ನೆಕ್ಕಿದರೆ ಸಾಕು ಎಂಬ ಸುಳ್ಳೂ ಪತ್ರಿಕೆಗಳ ಮೂಲಕ ಹರಡಿತು. ನೆಕ್ಕಿದವನ ಹೊಟ್ಟೆ ಸೇರಿದ 5-ಎಂಇಒ-ಡಿಎಂಟಿಯನ್ನು ಕರುಳು ಮತ್ತು ಯಕೃತ್ತಿನ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಒಡೆದುಹಾಕುತ್ತದೆ. ಉಳಿಯುವುದು ಹೃದಯಕ್ಕೆ ಮಾರಕವಾದ ಬ್ಯುಫಾಡೈಯೆನೊಲೈಡ್ ಮಾತ್ರ. 2022ರ ನವೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಈ ಕಪ್ಪೆಯನ್ನು ನೆಕ್ಕಬೇಡಿ ಎಂದು ಸಂದರ್ಶಕರಲ್ಲಿ ಬಹಿರಂಗವಾಗಿ ವಿನಂತಿಸಿಕೊಂಡಿತು.

ಈ ಹೊಸ ಅಭ್ಯಾಸಕ್ಕೆ ಪುರಾತನತೆಯ ಮುದ್ರೆ ಒತ್ತುವ ಪ್ರಯತ್ನವೂ ನಡೆದಿದೆ. ಮಾಯಾ ಮತ್ತು ಓಲ್ಮೆಕ್ ಶಿಲ್ಪಗಳಲ್ಲಿ ನೆಲಗಪ್ಪೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ; ಆ ಕಪ್ಪೆ ಮತ್ತೇರಿಸುವ ಸೊನೋರದ ಕಪ್ಪೆಯೇ ಆಗಿರಬಹುದು ಎಂದು ವೇಡ್ ಡೇವಿಸ್ ಮತ್ತು ಆಂಡ್ರೂ ವೈಲ್ 1992ರಲ್ಲಿ ವಾದಿಸಿದರು. ಅವರ ವಾದ ಎಚ್ಚರದಿಂದ ಕೂಡಿದ ಊಹೆ. ಸೊನೋರದ ಕಪ್ಪೆಯ ನೆಲೆ ಆ ನಾಗರಿಕತೆಗಳ ನಾಡಿನಿಂದ ಬಹುದೂರ ಉತ್ತರಕ್ಕಿದೆ. ಪ್ರಾಚೀನ ಕಾಲದಲ್ಲಿ ಅದರ ಸ್ರಾವವನ್ನು ಸೇದುತ್ತಿದ್ದರು ಎಂಬುದಕ್ಕೆ ನೇರವಾದ ಪುರಾತತ್ವ ಸಾಕ್ಷ್ಯವಿಲ್ಲ. ಊಹೆಯನ್ನು ಪರಂಪರೆ ಎಂದು ಮಾರುವವರು ಮಾತ್ರ ಹೆಚ್ಚಿದ್ದಾರೆ. ಸೊನೋರ ರಾಜ್ಯದ ಯಾಕಿ ಜನರ ಬಾಯಲ್ಲಿ ಉಳಿದುಬಂದಿರುವ ಒಂದು ಕಥೆ ಈ ಸಂದರ್ಭದಲ್ಲಿ ಹೆಚ್ಚು ಮುಖ್ಯವಾಗಿ ತೋರುತ್ತದೆ. ಬರದಿಂದ ಊರೂರೇ ಬಾಯಾರಿದಾಗ ಮಳೆಯ ದೇವರಾದ ಯುಕುವಿನ ಬಳಿಗೆ ಹಕ್ಕಿಗಳನ್ನು ಕಳಿಸಿ ಸೋತ ಜನ ಕೊನೆಗೆ ಬೊಬೊಕ್ ಎಂಬ ನೆಲಗಪ್ಪೆಯನ್ನು ಕಳಿಸುತ್ತಾರೆ. ಅದು ಬಾವಲಿಯ ರೆಕ್ಕೆ ಕಟ್ಟಿಕೊಂಡು ಮೇಲಕ್ಕೆ ಹಾರಿ, ಬೆನ್ನಟ್ಟಿದ ಮಳೆಯನ್ನು ಉಪಾಯದಿಂದ ಭೂಮಿಯವರೆಗೆ ಎಳೆದು ತರುತ್ತದೆ. ಮಳೆ ಬಾರದಾಗ ಕಪ್ಪೆಗಳಿಗೆ ಮದುವೆ ಮಾಡುವ ಕರ್ನಾಟಕದ ಊರುಗಳಿಗೂ ಈ ನಂಟು ಹೊಸದಲ್ಲ. ಆ ನೆಲದಲ್ಲಿ ತಲೆಮಾರುಗಳಿಂದ ಬಾಳಿದವರ ಕಥೆಯಲ್ಲಿ ನೆಲಗಪ್ಪೆ ಬರುವುದು ಮಳೆಯನ್ನು ತರುವ ಪ್ರಾಣಿಯಾಗಿ. ಪ್ರಕೃತಿ ಚರಿತ್ರೆ ಹೇಳುವುದಕ್ಕೂ ಆ ಕಥೆಗೂ ಹೆಚ್ಚು ದೂರವಿಲ್ಲ.

ಅಮೆರಿಕದಲ್ಲಿ 2011ರಿಂದ 5-ಎಂಇಒ-ಡಿಎಂಟಿ ಅತ್ಯಂತ ಕಠಿಣ ನಿಷೇಧದ ಮೊದಲ ಪಟ್ಟಿಯಲ್ಲಿದೆ. ಆದರೂ ಗಡಿಯಾಚೆಯ ವಿಶ್ರಾಂತಿಧಾಮಗಳಲ್ಲಿ, ಗುಪ್ತ ಕೂಟಗಳಲ್ಲಿ ಕಪ್ಪೆಯ ಸ್ರಾವಕ್ಕೆ ಬೇಡಿಕೆ ಬೆಳೆಯುತ್ತಲೇ ಬಂದಿದೆ. ಮುಂಗಾರಿನ ಮೊದಲ ರಾತ್ರಿಗಳಲ್ಲಿ, ವರ್ಷವೆಲ್ಲ ಚದುರಿ ಅಡಗಿದ್ದ ಕಪ್ಪೆಗಳು ಒಂದೇ ಹೊಂಡದ ಸುತ್ತ ನೆರೆದಾಗ, ಅವನ್ನು ರಾಶಿರಾಶಿಯಾಗಿ ಹಿಡಿಯುವುದು ಸುಲಭ. ಹಿಡಿದು, ಗ್ರಂಥಿ ಹಿಂಡಿ, ಎಲ್ಲೋ ಒಂದು ಕಡೆ ಬಿಟ್ಟರೆ ಕಪ್ಪೆಗೆ ಹಾನಿಯಿಲ್ಲ ಎಂದು ಈ ವ್ಯಾಪಾರಿಗಳು ಸಮಜಾಯಿಷಿ ಹೇಳುತ್ತಾರೆ. ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಬರಿದಾದ ಗ್ರಂಥಿ ಮತ್ತೆ ತುಂಬಲು ವಾರಗಟ್ಟಲೆ ಬೇಕು. ಅಷ್ಟು ಕಾಲ ಆ ಪ್ರಾಣಿ ತನ್ನ ಒಂದೇ ರಕ್ಷಣೆಯನ್ನು ಕಳೆದುಕೊಂಡು ರಕೂನ್ ಮತ್ತು ಹಾವುಗಳ ನಡುವೆ ಓಡಾಡಬೇಕು. ಹಿಡಿದ ರಾತ್ರಿಯೇ ಅದರ ಸಂತಾನೋತ್ಪತ್ತಿಯ ರಾತ್ರಿಯೂ ಆಗಿರುವುದರಿಂದ ಆ ವರ್ಷದ ಏಳೆಂಟು ಸಾವಿರ ಮೊಟ್ಟೆಗಳೂ ನಷ್ಟವಾಗುತ್ತವೆ. ಒಂದೇ ಬುಟ್ಟಿಯಲ್ಲಿ ಹಲವು ಹೊಂಡಗಳ ಕಪ್ಪೆಗಳನ್ನು ಒಟ್ಟಿಗೆ ಇಟ್ಟರೆ, ಜಗತ್ತಿನಾದ್ಯಂತ ಉಭಯಚರಗಳನ್ನು ಕೊಲ್ಲುತ್ತಿರುವ ಕೈಟ್ರಿಡ್ ಶಿಲೀಂಧ್ರದಂಥ ರೋಗ ಒಂದರಿಂದ ಇನ್ನೊಂದಕ್ಕೆ ದಾಟಲು ಅನುಕೂಲವಾಗುತ್ತದೆ.

ಇಡೀ ಪ್ರಭೇದ ಅಳಿವಿನ ಅಂಚಿನಲ್ಲಿದೆ ಎಂದು ಹೇಳುವಂತಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಸದ್ಯಕ್ಕೆ ಕನಿಷ್ಠ ಆತಂಕದ ವರ್ಗದಲ್ಲಿದೆ. ಆದರೆ ಅಂಚುಗಳು ಸವೆಯತೊಡಗಿವೆ. 1859ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ ಕೊಲರಾಡೊ ನದಿಯ ಕೆಳದಂಡೆಯಲ್ಲಿ, ಕ್ಯಾಲಿಫೋರ್ನಿಯಾದ ಭಾಗದಲ್ಲಿ, 1950ರ ದಶಕದ ನಂತರ ಅದು ಕಂಡಿಲ್ಲ. 1930ರ ದಶಕದಲ್ಲಿ ಹೂವರ್ ಅಣೆಕಟ್ಟು ಎದ್ದು ನದಿಯ ನೆರೆ ನಿಂತು, ನೆರೆಯಿಂದ ತುಂಬುತ್ತಿದ್ದ ಪಕ್ಕದ ತಗ್ಗುಗಳು ಒಣಗಿ, ಕಣಿವೆ ಕೀಟನಾಶಕ ಬೀಳುವ ಹೊಲವಾದದ್ದು ಈ ಕಣ್ಮರೆಗೆ ಮುಖ್ಯ ಕಾರಣ. ನ್ಯೂ ಮೆಕ್ಸಿಕೊದ ನೈಋತ್ಯ ಮೂಲೆಯ ಒಂದೇ ಜಿಲ್ಲೆಯಲ್ಲಿ ಉಳಿದಿರುವ ಕಪ್ಪೆಗಳು ಆ ರಾಜ್ಯದ ಅಪಾಯಗ್ರಸ್ತ ಪ್ರಾಣಿಗಳ ಪಟ್ಟಿಯಲ್ಲಿವೆ. ಅರಿಜೋನಾದಲ್ಲಿ ಮಳೆಯ ರಾತ್ರಿ ಹೆದ್ದಾರಿ ದಾಟುವಾಗ ಚಕ್ರಗಳಡಿ ಸಾಯುವ ಕಪ್ಪೆಗಳ ಸಂಖ್ಯೆಯೂ ಸಣ್ಣದಲ್ಲ.

ಸ್ರಾವಕ್ಕಾಗಿ ಕಪ್ಪೆ ಹಿಡಿಯುವ ನಷ್ಟ ಮಾತ್ರ ಇವೆಲ್ಲಕ್ಕಿಂತ ಬೇರೆ ಬಗೆಯದು, ಏಕೆಂದರೆ ಅದಕ್ಕೆ ಯಾವ ಅಗತ್ಯವೂ ಇಲ್ಲ. 5-ಎಂಇಒ-ಡಿಎಂಟಿಯನ್ನು ಜಪಾನಿನ ರಸಾಯನಶಾಸ್ತ್ರಜ್ಞರಾದ ಹೊಶಿನೊ ಮತ್ತು ಶಿಮೊಡೈರ 1936ರಲ್ಲಿಯೇ, ಅದು ಕಪ್ಪೆಯ ಚರ್ಮದಲ್ಲಿದೆ ಎಂದು ಗೊತ್ತಾಗುವುದಕ್ಕೆ ಮೂರು ದಶಕ ಮೊದಲೇ, ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಬೇರೆ ಔಷಧಗಳಿಗೆ ಮಣಿಯದ ಖಿನ್ನತೆಯ ಚಿಕಿತ್ಸೆಗೆ ಇದು ಉಪಯೋಗವಾದೀತೇ ಎಂದು ಈಚೆಗೆ ಯುರೋಪಿನಲ್ಲಿ ನಡೆದಿರುವ ವೈದ್ಯಕೀಯ ಪರೀಕ್ಷೆಗಳಲ್ಲಿ ಬಳಸಿರುವುದೂ ಹೀಗೆ ತಯಾರಿಸಿದ ಶುದ್ಧ ವಸ್ತುವನ್ನೇ. ಅದರಲ್ಲಿ ಹೃದಯ ನಿಲ್ಲಿ‌ಸುವ ಬ್ಯುಫಾಡೈಯೆನೊಲೈಡ್ ಇರುವುದಿಲ್ಲ, ಪ್ರಮಾಣವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಬಹುದು, ಅದನ್ನು ಪಡೆಯಲು ಯಾರೂ ಜುಲೈ ತಿಂಗಳ ಹೊಂಡದ ದಂಡೆಯಲ್ಲಿ ಬ್ಯಾಟರಿ ಹಿಡಿದು ಕಾಯಬೇಕಾಗಿಲ್ಲ.